ಒಹಾಯೊ ದಂಡೆಯ ಚಿತ್ರ ಮತ್ತು ಅದರಲ್ಲಿ ಇಲ್ಲದವರು

ಇಂತಹ ಚಿತ್ರವನ್ನು ನೀವು ಖಂಡಿತ ಎಲ್ಲಾದರೂ ನೋಡಿರುತ್ತೀರಿ. ಕ್ಯಾಲೆಂಡರಿನಲ್ಲೋ, ದಂತವೈದ್ಯರ ಕೋಣೆಯ ಗೋಡೆಯಲ್ಲೋ, ಬಿಸ್ಕತ್ತಿನ ತಗಡಿನ ಡಬ್ಬದ ಮುಚ್ಚಳದ ಮೇಲೋ. ಅಗಲವಾದ ಒಂದು ನದಿ. ದಂಡೆಗೆ ಮೂತಿ ತಾಗಿಸಿ ಸಾಲಾಗಿ ನಿಂತ ಬಿಳಿಯ ಸ್ಟೀಮರ್‌ಗಳು. ಒಂದೊಂದಕ್ಕೂ ಎರಡೆರಡು ಎತ್ತರದ ಕರಿಯ ಹೊಗೆಕೊಳವೆಗಳು. ಕಲ್ಲುಹಾಸಿನ ಇಳಿಜಾರಿನಲ್ಲಿ ಕುದುರೆ ಗಾಡಿಗಳು, ಪೀಪಾಯಿಗಳು, ಕೊಡೆ ಹಿಡಿದ ಹೆಂಗಸರು. ಹಿಂದೆ ಕಿತ್ತಳೆ ಬಣ್ಣದ ಆಕಾಶ. ನೋಡಿದ ಕೂಡಲೇ "ಆ ಕಾಲ ಎಷ್ಟು ಚೆನ್ನಾಗಿತ್ತು" ಎನಿಸುತ್ತದೆ.

ಅಮೆರಿಕದಲ್ಲಿರುವ ನನ್ನ ತಂಗಿಯ ಮನೆಯ ಹಾಲ್‌ನಲ್ಲಿ ಅಂಥದ್ದೇ ಒಂದು ಚಿತ್ರವಿದೆ. ಹಿಂದಿನ ಬಾಡಿಗೆದಾರರು ಬಿಟ್ಟು ಹೋದದ್ದಂತೆ. ಕಳೆದ ವರ್ಷ ಸೆಪ್ಟೆಂಬರಿನಲ್ಲಿ ನಾವು ಅವಳಲ್ಲಿಗೆ ಹೋದಾಗ ದಿನಕ್ಕೆ ಹತ್ತು ಸಲ ಅದರ ಮುಂದೆಯೇ ಹಾದುಹೋಗುತ್ತಿದ್ದೆ. ಮೊದಲ ವಾರ ನನಗೂ ಅದು ಚೆನ್ನಾಗಿಯೇ ಕಂಡಿತು.

ತಂಗಿಯ ಮನೆ ಇರುವುದು ಕೆಂಟಕಿ ರಾಜ್ಯದ ಕೋವಿಂಗ್ಟನ್ ಎಂಬ ಊರಿನಲ್ಲಿ. ಊರಿನ ಅಂಚಿನಲ್ಲೇ ಒಹಾಯೊ ನದಿ. ಆಚೆ ದಡದಲ್ಲಿ ಸಿನ್ಸಿನಾಟಿ ನಗರ, ಅದು ಒಹಾಯೊ ರಾಜ್ಯಕ್ಕೆ ಸೇರಿದ್ದು. ಹಲಾಲ್ ಮಾಂಸ ತರಲು ತಂಗಿ ವಾರಕ್ಕೊಮ್ಮೆ ಸೇತುವೆ ದಾಟಿ ಆಚೆ ಹೋಗಿ ಬರುತ್ತಾಳೆ. ಐದು ನಿಮಿಷದ ದಾರಿ. ಈ ಐದು ನಿಮಿಷವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಂಗಿಯ ಮಗಳಿಗೆ ಹದಿಮೂರು ವರ್ಷ. ಶಾಲೆಯಲ್ಲಿ ಅವಳಿಗೊಂದು ಕೆಲಸ ಕೊಟ್ಟಿದ್ದರು. 1848ರಲ್ಲಿ ಸಿನ್ಸಿನಾಟಿಯ ನದಿದಂಡೆ ಹೇಗಿತ್ತೆಂದು ಒಂದು ದೊಡ್ಡ ಹಾಳೆಯಲ್ಲಿ ಚಿತ್ರ ಬಿಡಿಸಬೇಕು, ಬಿಡಿಸಿದ ಪ್ರತಿಯೊಂದು ವಸ್ತುವೂ ಅಲ್ಲಿ ನಿಜವಾಗಿ ಇತ್ತೆಂದು ತೋರಿಸಬೇಕು. "ಖಾಲಾ, ನೀವು ಟೀಚರ್ ತಾನೇ? ಸಹಾಯ ಮಾಡಿ" ಎಂದಳು. ನಾನು ಕಲಿಸುವುದು ಕನ್ನಡ ಮತ್ತು ದೀನಿಯಾತ್. ಸ್ಟೀಮರ್ ಬಗ್ಗೆ ನನಗೇನು ಗೊತ್ತು? ಆದರೂ ಹೂಂ ಎಂದೆ. ಹಾಗಾಗಿ ಆ ಪ್ರವಾಸದಲ್ಲಿ ನಾನು ನ್ಯೂಯಾರ್ಕನ್ನಾಗಲಿ ನಯಾಗರವನ್ನಾಗಲಿ ನೋಡಲಿಲ್ಲ. ಒಂದೇ ನದಿಯ ಒಂದೇ ದಂಡೆಯನ್ನು ಮೂರು ವಾರ ನೋಡಿದೆ. ನನಗೆ ಬೇಸರವಿಲ್ಲ.

ಬನ್ನಿ, ನಿಮ್ಮನ್ನೂ ಅಲ್ಲಿಗೆ ಕರೆದೊಯ್ಯುತ್ತೇನೆ.

ಕೋವಿಂಗ್ಟನ್ ಬದಿಯಲ್ಲಿ ನಿಂತು ಉತ್ತರಕ್ಕೆ ಮುಖ ಮಾಡಿದರೆ ಸಿನ್ಸಿನಾಟಿಯ ಎತ್ತರದ ಕಟ್ಟಡಗಳು, ನೀರಿನಂಚಿನಲ್ಲಿ ಎರಡು ಭಾರೀ ಕ್ರೀಡಾಂಗಣಗಳು, ನಡುವೆ ಉದ್ಯಾನ ಕಾಣುತ್ತವೆ. ತಲೆಯ ಮೇಲೆ ಕಲ್ಲಿನ ಎರಡು ಗೋಪುರಗಳಿಂದ ತೂಗುಹಾಕಿದ ನೀಲಿ ಬಣ್ಣದ ಸೇತುವೆ. ಅದನ್ನು ಕಟ್ಟಿದವರು ಜಾನ್ ರೋಬ್ಲಿಂಗ್, ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ನಕ್ಷೆ ಮಾಡಿದವರೂ ಅವರೇ. ಬಲಗಡೆ ಲಿಕಿಂಗ್ ಎಂಬ ಚಿಕ್ಕ ನದಿ ಬಂದು ಸೇರುತ್ತದೆ. ಅದರಾಚೆ ನ್ಯೂಪೋರ್ಟ್ ಎಂಬ ಊರು.

ಹಳೆಯ ಬಂದರಿನ ಚಿತ್ರವನ್ನು ಮತ್ತೆ ಬಿಡಿಸುವವರು ಮೊದಲು ಮಾಡಬೇಕಾದ ಕೆಲಸ ಅಳಿಸುವುದು. ಇದು ನಮಗೆ ಗೊತ್ತಾಗಲು ಎರಡು ದಿನ ಬೇಕಾಯಿತು. ಸೇತುವೆ ತೆರೆದದ್ದು 1866ರ ಕೊನೆಯಲ್ಲಿ, ಆದ್ದರಿಂದ ಅದು ಹೋಗಬೇಕು. ಕ್ರೀಡಾಂಗಣಗಳು ಈ ಶತಮಾನದವು, ಅವೂ ಹೋಗಬೇಕು. ನದಿಯ ನೀರೂ ಇಳಿಯಬೇಕು! ಈಗ ಉದ್ದಕ್ಕೂ ಅಣೆಕಟ್ಟುಗಳಿದ್ದು ನೀರು ವರ್ಷವಿಡೀ ತುಂಬಿ ನಿಂತಿರುತ್ತದೆ. ಆಗ ಬೇಸಗೆಯ ಕೊನೆಗೆ ಒಹಾಯೊ ನದಿ ಬತ್ತಿ ಕೆಲವೆಡೆ ಕೆಲವೇ ಅಡಿ ಆಳ ಉಳಿಯುತ್ತಿತ್ತು, ಮಳೆಗಾಲ ಬಂದರೆ ಹತ್ತಾರು ಅಡಿ ಏರುತ್ತಿತ್ತು. ನೀರು ಎಲ್ಲಿದ್ದರೂ ಸ್ಟೀಮರ್ ಬಂದು ತಾಗಬೇಕೆಂದೇ ದಂಡೆಯನ್ನು ಗೋಡೆಯಂತೆ ಕಟ್ಟದೆ ಉದ್ದದ ಇಳಿಜಾರಾಗಿ ಮಾಡಿ ಕಲ್ಲು ಹಾಸಿದ್ದರು. ಸಿನ್ಸಿನಾಟಿಯವರು ಅದನ್ನು ಪಬ್ಲಿಕ್ ಲ್ಯಾಂಡಿಂಗ್ ಎನ್ನುತ್ತಿದ್ದರು, ಇಂದಿಗೂ ಆ ಹೆಸರೇ ಇದೆ. ನಮ್ಮ ಧಕ್ಕೆಗಳ ಹಾಗೆ ನೇರ ಅಂಚಲ್ಲ, ಕೆರೆಯ ಏರಿಯ ಒಳಮೈಯಂತೆ ಇಳಿಜಾರು.

ಇಂತಹ ಚಿತ್ರಗಳಿಗೆಂದೇ ಹೆಸರಾದ ಒಬ್ಬ ಕಲಾವಿದರಿದ್ದರು, ಜಾನ್ ಸ್ಟೋಬಾರ್ಟ್. ಇಂಗ್ಲೆಂಡಿನಲ್ಲಿ 1929ರಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ನೆಲೆಸಿ 2023ರಲ್ಲಿ ತೀರಿಕೊಂಡರು. ಕಣ್ಮರೆಯಾದ ಬಂದರುಗಳನ್ನು ಹಳೆಯ ನಕಾಶೆ, ಹಡಗಿನ ನಕ್ಷೆ, ಫೋಟೋಗಳನ್ನು ಹುಡುಕಿ, ಆಯಾ ಜಾಗಕ್ಕೆ ಹೋಗಿ ನಿಂತು ಮತ್ತೆ ಬಿಡಿಸುವುದು ಅವರ ಜೀವನದ ಕೆಲಸವಾಗಿತ್ತು. ಮಿಸಿಸಿಪ್ಪಿ, ಒಹಾಯೊ ನದಿಗಳ ಸ್ಟೀಮರ್ ದಂಡೆಗಳನ್ನೂ ಅವರು ಬಿಡಿಸಿದ್ದಾರೆ. ಹಗ್ಗದ ಗಂಟು ತಪ್ಪಿದರೂ ಪತ್ರ ಬರೆದು ತಿಳಿಸುವ ಜನ ಈ ಕಲೆಯ ಅಭಿಮಾನಿಗಳಲ್ಲಿದ್ದಾರೆ. ಉದಾಹರಣೆಗೆ, ಸ್ಟೀಮರಿನ ಮುಂಭಾಗದಲ್ಲಿ ಕಂಬದಿಂದ ತೂಗುಹಾಕಿ ದಂಡೆಗೆ ಇಳಿಸುವ ದೊಡ್ಡ ಹಲಗೆಸೇತುವೆಯನ್ನು ಸಿನಿಮಾಗಳಲ್ಲಿ ನೋಡಿರುತ್ತೀರಿ. ಅದು ಬಂದದ್ದು 1860ರ ದಶಕದ ಅಂತರ್ಯುದ್ಧದ ಬಳಿಕ. 1848ರಲ್ಲಿ ಜನ ಬರೀ ಹಲಗೆಗಳನ್ನು ಕೈಯಿಂದ ಎಳೆದು ಹಾಕಿ ಅದರ ಮೇಲೆ ನಡೆದು ಇಳಿಯುತ್ತಿದ್ದರು. ನಮ್ಮ ಹುಡುಗಿಯ ಮೊದಲ ಚಿತ್ರದಲ್ಲಿ ತೂಗುಸೇತುವೆ ಇತ್ತು. ರಬ್ಬರ್ ತೆಗೆದುಕೊಂಡಳು.

ಅವಳು 1848ನ್ನು ತಾನಾಗಿ ಆರಿಸಿದ್ದಲ್ಲ, ಆ ವರ್ಷಕ್ಕೆ ಒಂದು ಕಾರಣವಿದೆ. ಆ ವರ್ಷದ ಸೆಪ್ಟೆಂಬರ್ 24ರಂದು ಚಾರ್ಲ್ಸ್ ಫೊಂಟೇನ್ ಮತ್ತು ವಿಲಿಯಂ ಪೋರ್ಟರ್ ಎಂಬ ಇಬ್ಬರು ಛಾಯಾಗ್ರಾಹಕರು ನ್ಯೂಪೋರ್ಟಿನ ಒಂದು ಮಾಳಿಗೆಯ ಮೇಲೆ ಕ್ಯಾಮರಾ ಇಟ್ಟು, ಆಚೆ ದಡದ ಸಿನ್ಸಿನಾಟಿಯನ್ನು ಎಂಟು ತುಂಡುಗಳಾಗಿ ತೆಗೆದರು. ಫಿಲ್ಮ್ ಇನ್ನೂ ಇಲ್ಲದ ಕಾಲ. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಮೂಡಿಸುವ ಡಗೆರೊಟೈಪ್ ಎಂಬ ವಿಧಾನ. ಎಂಟು ತಗಡುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಸುಮಾರು ಎರಡು ಮೈಲಿ ಉದ್ದದ ನದಿದಂಡೆ ಕಾಣುತ್ತದೆ. ಸಿನ್ಸಿನಾಟಿಯ ಸಾರ್ವಜನಿಕ ಗ್ರಂಥಾಲಯದಲ್ಲಿ ಅದನ್ನು ಜೋಪಾನವಾಗಿ ಇಟ್ಟಿದ್ದಾರೆ.

ಆ ತಗಡುಗಳ ವಿಶೇಷ ನೋಡಿ. ಇತ್ತೀಚಿನ ವರ್ಷಗಳಲ್ಲಿ ತಜ್ಞರು ಅವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ದೊಡ್ಡದು ಮಾಡಿದಷ್ಟೂ ಚಿತ್ರ ಒಡೆಯಲಿಲ್ಲ, ಹೊಸ ವಿವರಗಳೇ ಬಂದವು. ಅಂಗಡಿಗಳ ಫಲಕ ಓದಬಹುದು. ಕಿಟಕಿಯ ಪರದೆ ಕಾಣುತ್ತದೆ. ಒಂದು ಗೋಪುರದ ಗಡಿಯಾರ ತಗಡಿನಲ್ಲಿ ಸಾಸಿವೆ ಕಾಳಿನಷ್ಟೂ ಇಲ್ಲ, ಆದರೂ ಅದರ ಮುಳ್ಳುಗಳು ಕಾಣುತ್ತವೆ. ಮಧ್ಯಾಹ್ನ ಎರಡಕ್ಕೆ ಐದು ನಿಮಿಷ ಬಾಕಿ! ತಾರೀಖು ಗೊತ್ತಾದದ್ದಂತೂ ಸ್ಟೀಮರ್‌ಗಳಿಂದ. ದಂಡೆಯಲ್ಲಿ ನಿಂತಿದ್ದ ಸ್ಟೀಮರ್‌ಗಳ ಹೆಸರುಗಳನ್ನು ಗುರುತಿಸಿ, ಯಾವ ಸ್ಟೀಮರ್ ಯಾವ ದಿನ ಬಂತು, ಹೋಯಿತು ಎಂದು ಅಂದಿನ ಪತ್ರಿಕೆಗಳಲ್ಲಿ ಅಚ್ಚಾದ ಪಟ್ಟಿಗೆ ತಾಳೆ ನೋಡಿದರು. ಎಲ್ಲವೂ ಒಟ್ಟಿಗೆ ದಂಡೆಯಲ್ಲಿದ್ದ ದಿನ ಅದೊಂದೇ.

ಆ ದಿನ ಭಾನುವಾರ. ಹಾಗಾಗಿ ದಂಡೆ ಹೆಚ್ಚುಕಡಿಮೆ ಖಾಲಿ. ಇದು ಚಿತ್ರಕಾರರಿಗೆ ದೊಡ್ಡ ತೊಡಕು. ಸ್ಟೀಮರ್‌ಗಳ ಬಗ್ಗೆ, ಕಟ್ಟಡಗಳ ಬಗ್ಗೆ ಇಷ್ಟು ನಿಖರವಾದ ಸಾಕ್ಷಿ ಇನ್ನೊಂದಿಲ್ಲ. ಮನುಷ್ಯರ ಬಗ್ಗೆ ಮಾತ್ರ ಅದು ಬಹಳ ಕಡಿಮೆ ಹೇಳುತ್ತದೆ. ಅಲುಗಾಡಿದ್ದು ಸರಿಯಾಗಿ ಮೂಡುವ ಕಾಲವೂ ಅದಲ್ಲ. ಸೋಮವಾರ ಆ ಇಳಿಜಾರಿನಲ್ಲಿ ಯಾರು ಯಾರು ಇರುತ್ತಿದ್ದರು ಎಂಬುದನ್ನು ಬೇರೆಡೆಯಿಂದ ಹುಡುಕಿ ತಂದು ಹಾಕಬೇಕು. ಯಾರನ್ನು ಹಾಕುತ್ತೀರಿ, ಯಾರನ್ನು ಬಿಡುತ್ತೀರಿ ಎಂಬುದು ಬಿಡಿಸುವವರ ಕೈಯಲ್ಲಿದೆ.

ಅದಕ್ಕೂ ಮುಂಚೆ ಒಂದು ಸಣ್ಣ ಮಾತು. ಹುಡುಗಿ ಹಾಲ್‌ನ ಚಿತ್ರ ನೋಡಿ ತನ್ನ ಸಿನ್ಸಿನಾಟಿಯ ಹಿಂದೆಯೂ ಕಿತ್ತಳೆ ಬಣ್ಣದ ಸೂರ್ಯಾಸ್ತ ಬಳಿದಿದ್ದಳು. "ಮಗಳೇ, ಈಚೆ ದಡದಿಂದ ನೋಡಿದರೆ ಸಿನ್ಸಿನಾಟಿ ಉತ್ತರಕ್ಕೆ. ನಿನ್ನ ಸೂರ್ಯ ಉತ್ತರದಲ್ಲಿ ಮುಳುಗುತ್ತಾನಾ?" ಎಂದೆ. ಇಲ್ಲಿ ಮದ್ರಸದಲ್ಲಿ ಕಲಿತದ್ದು ಕೆಲಸಕ್ಕೆ ಬಂತು. ನಮಾಝಿನ ಸಮಯವನ್ನು ನೆರಳಿನಿಂದ ಅಳೆಯುವುದನ್ನು ನಾವೆಲ್ಲ ಅಂಗಳದಲ್ಲಿ ಕೋಲು ನೆಟ್ಟು ಕಲಿತವರು. ನೆತ್ತಿಯಿಂದ ಸೂರ್ಯ ವಾಲಿದರೆ ಝುಹರ್. ನಡುಹಗಲಿನ ಮೂಲ ನೆರಳನ್ನು ಕಳೆದು, ಉಳಿದ ನೆರಳು ವಸ್ತುವಿನಷ್ಟೇ ಉದ್ದವಾದರೆ ಶಾಫಿಈಗಳಿಗೆ ಅಸರ್, ಎರಡು ಪಟ್ಟಾದರೆ ನಮ್ಮ ಹನಫಿಗಳಿಗೆ. ಅಂಗಳದಲ್ಲಿ ಒಂದು ಕೋಲು ನೆಟ್ಟೆವು. ನಾವಿದ್ದದ್ದೂ ಸೆಪ್ಟೆಂಬರಿನಲ್ಲೇ. ಈಗಿನ ಗಡಿಯಾರವನ್ನು ಬೇಸಗೆಯಲ್ಲಿ ಒಂದು ಗಂಟೆ ಮುಂದಿಡುತ್ತಾರೆ, 1848ರ ಸಿನ್ಸಿನಾಟಿಗೆ ತನ್ನ ಸೂರ್ಯನ ಗಂಟೆಯೇ ಗಂಟೆ. ಆದ್ದರಿಂದ ನಡುಹಗಲು ಕಳೆದು ಎರಡು ಗಂಟೆಯಾಗುವವರೆಗೆ ಕಾದು ಅಳೆದೆವು. ಕೋಲಿಗಿಂತ ನೆರಳು ತುಸು ಉದ್ದ. ಬಿದ್ದದ್ದು ಈಶಾನ್ಯಕ್ಕೆ. ಅಂದರೆ ಆ ಎರಡು ಗಂಟೆಗೆ ಸೂರ್ಯ ಚಿತ್ರದೊಳಗೆ ಇಲ್ಲ. ನೋಡುವವರ ಬೆನ್ನ ಹಿಂದೆ, ಎಡಗಡೆಯಲ್ಲಿದ್ದಾನೆ. ಸ್ಟೀಮರ್‌ಗಳ ಬಿಳಿ ಮೈ ನಮ್ಮ ಕಡೆಗೆ ಹೊಳೆಯುತ್ತಿದೆ. ನೆರಳುಗಳೆಲ್ಲ ನಮ್ಮಿಂದ ದೂರಕ್ಕೆ, ಬಲಕ್ಕೆ ಬೀಳುತ್ತವೆ. ಕಿತ್ತಳೆ ಬಣ್ಣ ಹೋಯಿತು.

ಸ್ಟೀಮರಿನ ವಿಷಯಕ್ಕೆ ಬರೋಣ. ಈ ನದಿಗಳಲ್ಲಿ ಓಡಿದ ಮೊದಲ ಸ್ಟೀಮರಿನ ಹೆಸರು 'ನ್ಯೂ ಆರ್ಲಿಯನ್ಸ್'. 1811ರಲ್ಲಿ ಪಿಟ್ಸ್‌ಬರ್ಗ್‌ನಿಂದ ಹೊರಟು ಸಿನ್ಸಿನಾಟಿಯನ್ನು ದಾಟಿ, ಒಹಾಯೊ ಸೇರುವ ಮಿಸಿಸಿಪ್ಪಿಗಿಳಿದು, 1812ರ ಜನವರಿಯಲ್ಲಿ ಸಮುದ್ರದ ಬಳಿಯ ನ್ಯೂ ಆರ್ಲಿಯನ್ಸ್ ನಗರ ಮುಟ್ಟಿತು. ಅದಕ್ಕೂ ಮುಂಚೆ ಕೆಳಗೆ ಹೋಗುವುದು ಸುಲಭ, ನೀರೇ ಒಯ್ಯುತ್ತಿತ್ತು. ಮೇಲೆ ಬರುವುದೆಂದರೆ ಗಳ ಹಾಕಿ, ಹಗ್ಗ ಕಟ್ಟಿ ಎಳೆದು ತಿಂಗಳುಗಟ್ಟಲೆ. ಉಗಿಯಂತ್ರ ಅದನ್ನು ದಿನಗಳಿಗೆ ಇಳಿಸಿತು. ಚಪ್ಪಟೆ ತಳ, ಕೆಳ ಅಂತಸ್ತಿನಲ್ಲಿ ಬಾಯ್ಲರು ಮತ್ತು ಸರಕು, ಅದರ ಮೇಲೆ ಪ್ರಯಾಣಿಕರ ಕೋಣೆಗಳು, ಎಲ್ಲಕ್ಕಿಂತ ಮೇಲೆ ಗಾಜಿನ ಪೆಟ್ಟಿಗೆಯಂತಹ ಚುಕ್ಕಾಣಿ ಕೋಣೆ. ಹೊಗೆಕೊಳವೆ ಅಷ್ಟು ಎತ್ತರ ಇರುವುದು ಅಂದಕ್ಕಲ್ಲ. ಬೆಂಕಿ ಚೆನ್ನಾಗಿ ಉರಿಯಲೆಂದು, ಮತ್ತು ಕಿಡಿಗಳು ಮರದ ಮಾಳಿಗೆಯ ಮೇಲೆ ಬೀಳದಿರಲೆಂದು. ಇಷ್ಟಾದರೂ ಒಂದು ಸ್ಟೀಮರಿನ ಸರಾಸರಿ ಆಯುಸ್ಸು ನಾಲ್ಕೈದು ವರ್ಷ ಮಾತ್ರ. ನೀರಿನಡಿಯ ಮರದ ಬೊಡ್ಡೆ, ಬೆಂಕಿ, ಒಡೆದ ಬಾಯ್ಲರ್. 1838ರ ಏಪ್ರಿಲ್‌ನಲ್ಲಿ 'ಮೊಸೆಲ್' ಎಂಬ ಹೊಸ ಸ್ಟೀಮರ್ ಇದೇ ಸಿನ್ಸಿನಾಟಿಯಲ್ಲಿ ಬಾಯ್ಲರ್ ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತರು.

ಪೀಪಾಯಿಗಳಲ್ಲಿ ಏನಿತ್ತು ಎಂದು ನೀವು ಕೇಳಬಹುದು. ಹೇಳಲು ಮುಜುಗರ. ಹೆಚ್ಚಿನವುಗಳಲ್ಲಿ ಹಂದಿ ಮಾಂಸ ಮತ್ತು ಅದರ ಕೊಬ್ಬು! ಆ ಕಾಲದಲ್ಲಿ ಸಿನ್ಸಿನಾಟಿಗೆ 'ಹಂದಿಪಟ್ಟಣ' ಎಂಬ ಅರ್ಥದ ಅಡ್ಡಹೆಸರೇ ಇತ್ತು. ಕೊಬ್ಬಿನಿಂದ ಸಾಬೂನು, ಮೇಣದಬತ್ತಿ ಮಾಡುವ ಉದ್ಯಮವೂ ಅಲ್ಲಿ ಬೆಳೆಯಿತು. ನಮ್ಮ ಮನೆಗಳಲ್ಲೂ ಹೆಸರು ಗೊತ್ತಿರುವ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪೆನಿ 1837ರಲ್ಲಿ ಹುಟ್ಟಿದ್ದು ಈ ಊರಿನಲ್ಲೇ. ಹುಡುಗಿ ಪೀಪಾಯಿ ಬಿಡಿಸಿ "ಇದರಲ್ಲಿ ಸಕ್ಕರೆಪಾಕ ಇದೆ ಅಂದುಕೊಳ್ಳೋಣ ಖಾಲಾ" ಎಂದಳು. ದಕ್ಷಿಣದಿಂದ ಅದೂ ಬರುತ್ತಿತ್ತು. ಒಪ್ಪಿಕೊಂಡೆ.

ಆದರೆ ಆ ಸಕ್ಕರೆಪಾಕ ಬರುತ್ತಿದ್ದದ್ದು ಎಲ್ಲಿಂದ? ಅದನ್ನು ತಯಾರಿಸುತ್ತಿದ್ದವರು ಯಾರು?

ಒಹಾಯೊ ನದಿ ಆಗ ಬರೀ ನದಿಯಾಗಿರಲಿಲ್ಲ. ಆಚೆಯ ಒಹಾಯೊ ರಾಜ್ಯದಲ್ಲಿ ಗುಲಾಮಗಿರಿ ಇರಲಿಲ್ಲ. ಈಚೆಯ ಕೆಂಟಕಿಯಲ್ಲಿ ಮನುಷ್ಯರನ್ನು ಕೊಳ್ಳಬಹುದಿತ್ತು, ಮಾರಬಹುದಿತ್ತು. ನನ್ನ ತಂಗಿ ಐದು ನಿಮಿಷದಲ್ಲಿ ದಾಟುವ ನೀರು ಅದು. ಈಚೆಯ ದಡದಲ್ಲಿ ಬಟ್ಟೆ ಒಗೆಯುವ ತಾಯಿಗೆ ಆಚೆಯ ಊರಿನ ಗಡಿಯಾರದ ಗಂಟೆ ಕೇಳಿಸುತ್ತಿತ್ತು. ಹೋಗಲು ಮಾತ್ರ ಆಗುತ್ತಿರಲಿಲ್ಲ. ಮತ್ತು ಆ ಚೆಂದದ ಸ್ಟೀಮರ್‌ಗಳು ಹಂದಿ ಮಾಂಸ, ಹತ್ತಿ, ಸಕ್ಕರೆಪಾಕದ ಜೊತೆಗೆ ಸರಪಳಿ ಹಾಕಿದ ಮನುಷ್ಯರನ್ನೂ ಒಯ್ಯುತ್ತಿದ್ದವು. ಕೆಳಗೆ, ದಕ್ಷಿಣಕ್ಕೆ, ಹತ್ತಿ ಮತ್ತು ಕಬ್ಬಿನ ತೋಟಗಳಿಗೆ. 'ನದಿಯ ಕೆಳಗೆ ಮಾರಿಬಿಡುತ್ತೇನೆ' ಎನ್ನುವುದು ಒಡೆಯರು ಹಾಕುತ್ತಿದ್ದ ಬೆದರಿಕೆ. ಹಾಗೆ ಹೋದವರು ಮರಳಿ ಬರುವುದು ಅಪರೂಪವಾಗಿತ್ತು.

ಸಿನ್ಸಿನಾಟಿಯ ದಂಡೆಯಲ್ಲಿ, ಎರಡು ಕ್ರೀಡಾಂಗಣಗಳ ನಡುವೆ, 2004ರಲ್ಲಿ ತೆರೆದ ಫ್ರೀಡಂ ಸೆಂಟರ್ ಎಂಬ ವಸ್ತುಸಂಗ್ರಹಾಲಯವಿದೆ. ಅದರೊಳಗೆ ಮರದ ದಿಮ್ಮಿಗಳಿಂದ ಕಟ್ಟಿದ ಎರಡಂತಸ್ತಿನ ಒಂದು ಹಳೆಯ ಮನೆಯನ್ನು ಹಾಗೆಯೇ ತಂದು ನಿಲ್ಲಿಸಿದ್ದಾರೆ. ಕೆಂಟಕಿಯ ಒಬ್ಬ ವ್ಯಾಪಾರಿ ಮಾರಲು ಕೊಂಡವರನ್ನು ದಕ್ಷಿಣಕ್ಕೆ ಸಾಗಿಸುವವರೆಗೆ ಕೂಡಿಹಾಕುತ್ತಿದ್ದ ಕೊಟ್ಟಿಗೆ ಅದು. ಒಳಗೆ ಹೋಗಿ ನಿಲ್ಲಬಹುದು. ಮೇಲಿನ ತೊಲೆಯಲ್ಲಿ ಸರಪಳಿ ಹಾಕುವ ಕಬ್ಬಿಣದ ಬಳೆ. ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮನೆಗೆ ಬಂದು ಹಾಲ್‌ನ ಚಿತ್ರವನ್ನು ಮತ್ತೆ ನೋಡಿದೆ. ಕುದುರೆಗಳು ಹದಿನಾಲ್ಕು, ನಾಯಿಗಳು ಎರಡು, ಕೊಡೆಗಳು ಆರು. ಪೀಪಾಯಿ ಉರುಳಿಸುವವರು ಒಬ್ಬಿಬ್ಬರು ದೂರದಲ್ಲಿ ಚುಕ್ಕೆಗಳಾಗಿ ಇದ್ದರು. ಹೊಗೆಕೊಳವೆಯ ತುದಿಯ ಕಿರೀಟದಂಥ ಅಲಂಕಾರವನ್ನು ಎಷ್ಟು ಚೆನ್ನಾಗಿ ಬಿಡಿಸಿದ್ದಾನೆ ಪುಣ್ಯಾತ್ಮ!

ಈ ಸಿಟ್ಟು ನನಗೆ ಮಾತ್ರ ಬಂದದ್ದಲ್ಲ ಎಂದು ಬಳಿಕ ತಿಳಿಯಿತು. ಸಿನಿಮಾ ಇಲ್ಲದ ಆ ಕಾಲದಲ್ಲಿ ಪನೋರಮ ಎಂಬ ಪ್ರದರ್ಶನ ಜನಪ್ರಿಯವಾಗಿತ್ತು. ಭಾರೀ ಉದ್ದದ ಬಟ್ಟೆಯ ಮೇಲೆ ನದಿಯನ್ನೂ ಅದರ ದಂಡೆಗಳನ್ನೂ ಬಿಡಿಸಿ, ಎರಡು ಉರುಳೆಗಳ ನಡುವೆ ಮೆಲ್ಲನೆ ಸುತ್ತುತ್ತಾ ಹೋಗುವುದು. ಕುಳಿತವರಿಗೆ ತಾವೇ ಸ್ಟೀಮರಿನಲ್ಲಿ ಹೋದಂತೆ ಭಾಸವಾಗುತ್ತಿತ್ತು. ಜಾನ್ ಬ್ಯಾನ್‌ವರ್ಡ್ ಎಂಬ ಚಿತ್ರಕಾರನ ಮಿಸಿಸಿಪ್ಪಿ ಪನೋರಮ ಮೂರು ಮೈಲಿ ಉದ್ದ ಎಂದು ಜಾಹೀರಾತು ಮಾಡುತ್ತಿದ್ದರು. 1847ರಲ್ಲಿ ಬಾಸ್ಟನ್‌ನಲ್ಲಿ ಮಿಸಿಸಿಪ್ಪಿಯ ಒಂದು ಪನೋರಮವನ್ನು ನೋಡಲು ಒಬ್ಬ ಕಪ್ಪು ವರ್ಣದ ವ್ಯಕ್ತಿ ಹೋಗಿದ್ದರು. ಅವರ ಹೆಸರು ವಿಲಿಯಂ ವೆಲ್ಸ್ ಬ್ರೌನ್. ಅಲ್ಲಿ ಗುಲಾಮಗಿರಿಯನ್ನು ಎಷ್ಟು ಮೆದುವಾಗಿ ತೋರಿಸಿದ್ದಾರೆ ಎಂದು ಅವರಿಗೆ ಆಶ್ಚರ್ಯವಾಯಿತು. 1850ರಲ್ಲಿ ಇಂಗ್ಲೆಂಡಿನಲ್ಲಿ ಅವರು ತನ್ನದೇ ಆದ 24 ದೃಶ್ಯಗಳ ಪನೋರಮ ಮಾಡಿಸಿ ತೋರಿಸಿದರು.

ಬ್ರೌನ್‌ರಿಗೆ ಆ ನದಿ ಯಾಕೆ ಅಷ್ಟು ಚೆನ್ನಾಗಿ ಗೊತ್ತಿತ್ತೆಂದರೆ ಅವರು ಸ್ಟೀಮರ್‌ಗಳಲ್ಲಿ ದುಡಿದ ಗುಲಾಮ. ಕೆಂಟಕಿಯಲ್ಲಿ ಹುಟ್ಟಿ ಸೇಂಟ್ ಲೂಯಿಸ್ ನಗರದಲ್ಲಿ ಬೆಳೆದವರು. ಒಡೆಯನ ಮನೆಗೆ ವಿಲಿಯಂ ಎಂಬ ಹೆಸರಿನ ಬಿಳಿ ಹುಡುಗ ಬಂದನೆಂದು ಇವರ ಹೆಸರನ್ನೇ ಬದಲಿಸಿಬಿಟ್ಟರು. ಅವರನ್ನು ಒಬ್ಬ ಗುಲಾಮ ವ್ಯಾಪಾರಿಗೆ ಬಾಡಿಗೆಗೂ ಕೊಟ್ಟಿದ್ದರು. ನ್ಯೂ ಆರ್ಲಿಯನ್ಸ್ ಸಂತೆ ಹತ್ತಿರ ಬಂದಾಗ ಮುದುಕರ ನರೆಗೂದಲು ಕಿತ್ತು, ಇಲ್ಲವೇ ಕಪ್ಪು ಬಳಿದು, ಎಳೆಯರಂತೆ ಕಾಣಿಸುವ ಕೆಲಸವನ್ನು ಇವರ ಕೈಯಿಂದ ಮಾಡಿಸುತ್ತಿದ್ದರು.

1833ರಲ್ಲಿ ಅವರು ತಾಯಿಯನ್ನು ಕರೆದುಕೊಂಡು ಓಡಿದರು. ಕೆಲವು ದಿನಗಳಲ್ಲೇ ಸಿಕ್ಕಿಬಿದ್ದರು. ತಾಯಿಯನ್ನು ನ್ಯೂ ಆರ್ಲಿಯನ್ಸ್‌ಗೆ ಮಾರಲಾಯಿತು. ಸ್ಟೀಮರ್ ಹೊರಡುವ ಮುಂಚೆ ಮಗ ಹತ್ತಿ ನೋಡಿದಾಗ ತಾಯಿ ಇನ್ನೊಬ್ಬ ಹೆಂಗಸಿನೊಂದಿಗೆ ಸರಪಳಿಯಲ್ಲಿ ಕಟ್ಟಲ್ಪಟ್ಟು ಕುಳಿತಿದ್ದರು. ನನಗಾಗಿ ದುಃಖಿಸಬೇಡ, ನೀನು ಹೇಗಾದರೂ ಸ್ವತಂತ್ರನಾಗು ಎಂದು ಆ ತಾಯಿ ಹೇಳಿದರಂತೆ. ಗಂಟೆ ಬಾರಿಸಿತು, ಮಗ ಇಳಿಯಬೇಕಾಯಿತು. ಸಹೋದರಿಯರೇ, ಸ್ಟೀಮರಿನ ಗಂಟೆ ಎಂದರೆ ಕೆಲವರಿಗೆ ಅದು.

ಕೆಲವೇ ತಿಂಗಳಲ್ಲಿ ಅವರನ್ನು ಸ್ಟೀಮರ್ ಒಡೆಯನೊಬ್ಬ ಕೊಂಡ. ಒಹಾಯೊ ನದಿಯಲ್ಲಿ ಸ್ವತಂತ್ರ ರಾಜ್ಯದ ಪಕ್ಕಕ್ಕೆ ಹೋಗಬೇಕಿತ್ತು, ಇವನು ಓಡಿಹೋದಾನೆಂಬ ಸಂಶಯ ಒಡೆಯನಿಗೆ. ಕೇಳಿದಾಗ, ಹಿಂದೊಮ್ಮೆ ಅಂತಹ ರಾಜ್ಯಕ್ಕೆ ಹೋಗಿದ್ದೆ, ನನಗೆ ಅದು ಹಿಡಿಸಲಿಲ್ಲ ಎಂದರು ಬ್ರೌನ್! ನಂಬಿದರು. 1834ರ ಜನವರಿ 1ರಂದು ಸ್ಟೀಮರ್ ಸಿನ್ಸಿನಾಟಿಯ ದಂಡೆಗೆ ತಾಗಿತು. ಜನ ಇಳಿಯುವ ಗದ್ದಲ. ಬ್ರೌನ್ ಒಂದು ಪೆಟ್ಟಿಗೆಯನ್ನು ಎತ್ತಿಕೊಂಡು, ಯಾರದೋ ಸಾಮಾನು ಸಾಗಿಸುವವರಂತೆ, ಹಲಗೆಯ ಮೇಲಿಂದ ಇಳಿದು, ಆ ಕಲ್ಲಿನ ಇಳಿಜಾರನ್ನು ಹತ್ತಿ, ಜನರ ನಡುವಿನಿಂದ ಹೊರಟೇಹೋದರು. ಕಾಡಿನಲ್ಲಿ ಕತ್ತಲಾಗುವವರೆಗೆ ಕಾದರು. ಚಳಿಯಲ್ಲಿ ದಿನಗಟ್ಟಲೆ ರಾತ್ರಿ ನಡೆದರು. ದಾರಿಯಲ್ಲಿ ಆಶ್ರಯ ಕೊಟ್ಟ ವೆಲ್ಸ್ ಬ್ರೌನ್ ಎಂಬ ಸಜ್ಜನನ ಹೆಸರನ್ನು, ಕಿತ್ತುಕೊಂಡಿದ್ದ ತನ್ನ ವಿಲಿಯಂ ಹೆಸರಿಗೆ ಸೇರಿಸಿಕೊಂಡರು. ಮುಂದೆ ಈರಿ ಸರೋವರದ ಸ್ಟೀಮರಿನಲ್ಲಿ ಕೆಲಸ ಮಾಡುತ್ತಾ, 1842ರ ಮೇಯಿಂದ ಡಿಸೆಂಬರ್‌ವರೆಗೆ 69 ಮಂದಿ ಗುಲಾಮರನ್ನು ಕೆನಡಾಕ್ಕೆ ದಾಟಿಸಿದರು.

"ಅವರಲ್ಲಿ ನಮ್ಮವರೂ ಇದ್ದರಾ ಖಾಲಾ?" ಎಂದು ಹುಡುಗಿ ಕೇಳಿದಳು. ಆಫ್ರಿಕಾದಿಂದ ಹಿಡಿದು ತಂದವರಲ್ಲಿ ಮುಸ್ಲಿಮರೂ ಇದ್ದರು. ಅವರಲ್ಲೊಬ್ಬರು ಇದೇ ದಾರಿಯಲ್ಲಿ ಬಂದವರು. ಇಂದಿನ ಗಿನಿ ದೇಶದ ಫೂತಾ ಜಾಲೋನ್ ಪ್ರಾಂತದ ಆಳುವ ಮನೆತನದ ಅಬ್ದುರ್ರಹ್ಮಾನ್ ಎಂಬವರು 1788ರಲ್ಲಿ ಸೆರೆಯಾಗಿ, ಮಿಸಿಸಿಪ್ಪಿ ದಂಡೆಯ ನ್ಯಾಚೆಝ್‌ನಲ್ಲಿ ಮಾರಲ್ಪಟ್ಟು, 40 ವರ್ಷ ಹತ್ತಿ ತೋಟದಲ್ಲಿ ದುಡಿದರು. ಅವರು ಅರಬಿಯಲ್ಲಿ ಬರೆದ ಒಂದು ಪತ್ರ ಮೊರೊಕ್ಕೊದ ಸುಲ್ತಾನರವರೆಗೆ ತಲುಪಿ, 1828ರಲ್ಲಿ ಬಿಡುಗಡೆಯಾಯಿತು. ಪತ್ನಿ ಇಸಬೆಲ್ಲಾರ ಬಿಡುಗಡೆಗೆ ಊರವರು ಹಣ ಕೂಡಿಸಿ ಕೊಟ್ಟರು. ಮಕ್ಕಳ ಬಿಡುಗಡೆಗೆ ಹಣ ಸಾಲಲಿಲ್ಲ. ಆ ವರ್ಷ ಏಪ್ರಿಲ್‌ನಲ್ಲಿ ಮಕ್ಕಳನ್ನು ಅಲ್ಲೇ ಬಿಟ್ಟು, ದಂಪತಿ ಸ್ಟೀಮರ್ ಹತ್ತಿ ಮಿಸಿಸಿಪ್ಪಿ, ಒಹಾಯೊ ನದಿಗಳನ್ನು ಏರಿ ಸಿನ್ಸಿನಾಟಿಯ ದಾರಿಯಾಗಿ ಪೂರ್ವಕ್ಕೆ ಹೋದರು. ಅರಬಿಯಲ್ಲಿ ಕ್ರೈಸ್ತರ ಪ್ರಾರ್ಥನೆ ಬರೆದು ಕೊಡಿ ಎಂದು ಕೇಳಿದವರಿಗೆ ಅವರು ಸೂರಃ ಫಾತಿಹಾ ಬರೆದು ಕೊಟ್ಟಿದ್ದಾರೆ! 1829ರಲ್ಲಿ ಆಫ್ರಿಕಾದ ಲೈಬೀರಿಯಾ ತಲುಪಿದರು. ಊರು ಮುಟ್ಟುವ ಮೊದಲೇ, ಅದೇ ವರ್ಷ ಅಲ್ಲಿ ತೀರಿಕೊಂಡರು. ಅವರು ಹಾದುಹೋದ ದಂಡೆಯಲ್ಲಿ ನಿಂತು ನಾನು ಅವರಿಗಾಗಿ ಫಾತಿಹಾ ಓದಿದೆ.

ಹಾಗಾದರೆ ಈ ಜನರನ್ನು ಚಿತ್ರದಲ್ಲಿ ಇಟ್ಟವರು ಯಾರೂ ಇಲ್ಲವೇ? ಇದ್ದಾರೆ. ಸಿನ್ಸಿನಾಟಿಯಲ್ಲೇ ಇದ್ದ ರಾಬರ್ಟ್ ಡಂಕನ್ಸನ್ ಎಂಬ ಕಪ್ಪು ವರ್ಣದ ಕಲಾವಿದರು 1851ರ ಸುಮಾರಿಗೆ, ನಾನು ನಿಂತಿದ್ದ ಇದೇ ಕೋವಿಂಗ್ಟನ್ ಬದಿಯಿಂದ ಸಿನ್ಸಿನಾಟಿಯನ್ನು ಬಿಡಿಸಿದರು. ದೂರದಲ್ಲಿ ನದಿ, ಸ್ಟೀಮರ್‌ಗಳು, ಹೊಗೆ. ಆದರೆ ಮುಂಭಾಗದ ಕೆಂಟಕಿ ಗುಡ್ಡದಲ್ಲಿ ಉದ್ದ ಹಿಡಿಯ ಹುಲ್ಲುಗತ್ತಿ ಹಿಡಿದ ಕಪ್ಪು ವರ್ಣದ ಗಂಡಸೊಬ್ಬ ನಿಂತಿದ್ದಾನೆ. ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತಿದ್ದಾಳೆ. ಆಚೆ ಸ್ವತಂತ್ರ ನೆಲ. ಡಂಕನ್ಸನ್ ಬೇರೇನೂ ಹೇಳಿಲ್ಲ. ಇನ್ನೊಬ್ಬರು ಜೇಮ್ಸ್ ಪ್ರೆಸ್ಲಿ ಬಾಲ್, ಅದೇ ಊರಿನ ಕಪ್ಪು ವರ್ಣದ ಛಾಯಾಗ್ರಾಹಕ. 1855ರಲ್ಲಿ 600 ಗಜ ಉದ್ದದ ಪನೋರಮ ಮಾಡಿಸಿದರು. ಆಫ್ರಿಕಾದಿಂದ ಜನರನ್ನು ಹಿಡಿದು ತರುವುದರಿಂದ ತೊಡಗಿ ಹತ್ತಿ ತೋಟ, ಮಿಸಿಸಿಪ್ಪಿ, ಒಹಾಯೊ ನದಿಗಳವರೆಗೆ ಎಲ್ಲವೂ ಅದರಲ್ಲಿತ್ತು. ಆ ಬಟ್ಟೆ ಈಗ ಉಳಿದಿಲ್ಲ. ಅದರ ವಿವರಣೆಯ ಪುಸ್ತಿಕೆ ಮಾತ್ರ ಇದೆ.

ನಮ್ಮ ಕಾಲದಲ್ಲೂ ಒಂದು ಇದೆ. 1937ರ ಪ್ರವಾಹದಲ್ಲಿ ನೀರು ಸುಮಾರು 80 ಅಡಿ ಏರಿದ ಬಳಿಕ ಕೋವಿಂಗ್ಟನ್‌ಗೆ ಕಾಂಕ್ರೀಟಿನ ತಡೆಗೋಡೆ ಕಟ್ಟಿದರು. ಆ ಗೋಡೆಯ ಮೇಲೆ ರಾಬರ್ಟ್ ಡಾಫರ್ಡ್ ಎಂಬ ಕಲಾವಿದರು ಊರಿನ ಇತಿಹಾಸವನ್ನು ದೊಡ್ಡ ದೊಡ್ಡ ಚಿತ್ರಗಳಾಗಿ ಬಿಡಿಸಿದ್ದಾರೆ. ಅವುಗಳಲ್ಲೊಂದು 1856ರ ಜನವರಿಯಲ್ಲಿ ಹೆಪ್ಪುಗಟ್ಟಿದ ಈ ನದಿಯ ಮೇಲೆ ಮಕ್ಕಳೊಂದಿಗೆ ನಡೆದು ದಾಟಿದ ಮಾರ್ಗರೆಟ್ ಗಾರ್ನರ್ ಎಂಬ ತಾಯಿಯದು. ಆಚೆ ದಡದಲ್ಲಿ ಅವಳು ಸಿಕ್ಕಿಬಿದ್ದ ಮೇಲೆ ನಡೆದದ್ದನ್ನು ಇಲ್ಲಿ ಬರೆಯಲು ನನ್ನಿಂದಾಗದು.

ಇಷ್ಟೆಲ್ಲ ಕೇಳಿದ ಮೇಲೆ ಹುಡುಗಿಯ ಹಾಳೆಯಲ್ಲಿ ಸ್ಟೀಮರ್‌ಗಳಿದ್ದವು, ಹಲಗೆಗಳಿದ್ದವು, ಪೀಪಾಯಿಗಳಿದ್ದವು, ಗಡಿಯಾರ ಇತ್ತು. ಒಬ್ಬ ಮನುಷ್ಯನೂ ಇರಲಿಲ್ಲ. ಕಾರಣ ನೀವು ಊಹಿಸಬಲ್ಲಿರಿ. ಜೀವಿಗಳ ಚಿತ್ರ, ವಿಶೇಷವಾಗಿ ಮುಖ, ಬಿಡಿಸಬಾರದೆಂದು ತಂಗಿ ಅವಳಿಗೆ ಚಿಕ್ಕಂದಿನಿಂದ ಹೇಳಿದ್ದಾಳೆ. ನಾನೂ ಅದನ್ನೇ ಕಲಿತವಳು. ಈ ವಿಷಯದಲ್ಲಿ ಉಲಮಾಗಳಲ್ಲಿ ಭಿನ್ನಾಭಿಪ್ರಾಯಗಳಿವೆ, ಶಿಕ್ಷಣದ ಅಗತ್ಯಕ್ಕೆ ರಿಯಾಯಿತಿ ಕೊಟ್ಟವರಿದ್ದಾರೆ, ಕೊಡದವರೂ ಇದ್ದಾರೆ. ಫತ್ವಾ ಕೊಡುವುದು ನನ್ನ ಕೆಲಸವಲ್ಲ. ತಂಗಿಯ ಮನೆಯಲ್ಲಿ ತಂಗಿಯ ಮಾತು ಮೀರುವುದೂ ನನಗೆ ಸರಿ ಕಾಣಲಿಲ್ಲ. ಆದರೆ ಖಾಲಿ ದಂಡೆಯನ್ನು ನೋಡಿದಾಗ, ಹಾಲ್‌ನ ಚಿತ್ರದವನೂ ನಾವೂ ಬೇರೆ ಬೇರೆ ಕಾರಣಗಳಿಂದ ಒಂದೇ ಕಡೆ ಬಂದು ನಿಂತೆವಲ್ಲ ಎಂದು ಮನಸ್ಸಿಗೆ ಚುಚ್ಚಿತು. ಅದನ್ನು ತಂಗಿಗೆ ಹೇಳಿಯೂ ಬಿಟ್ಟೆ. ಅವಳು ಸುಮ್ಮನೆ ಚಹಾ ಸೋಸುತ್ತಿದ್ದಳು.

ಮರುದಿನ ಶನಿವಾರ. ಹುಡುಗಿ ಹಾಳೆ ತಂದು ತೋರಿಸಿದಳು. ಒಬ್ಬನೇ ಒಬ್ಬ ಮನುಷ್ಯ ಬಂದಿದ್ದ. ನಮಗೆ ಬೆನ್ನು ಹಾಕಿ ಇಳಿಜಾರು ಹತ್ತುತ್ತಿದ್ದಾನೆ. ಹೆಗಲ ಮೇಲೆ ಒಂದು ಪೆಟ್ಟಿಗೆ, ಅದು ತಲೆಯನ್ನು ಪೂರ್ತಿ ಮರೆಮಾಡಿದೆ. ಮುಖವೇ ಇಲ್ಲ.

"ಅಮ್ಮಿ ನೋಡಿದರು. ಇಷ್ಟು ಸಾಕು ಅಂದರು."

"ಆದರೆ ಮಗಳೇ, ಬ್ರೌನ್ ಇಳಿದದ್ದು 1834ರಲ್ಲಿ. ನಿನ್ನ ಚಿತ್ರ 1848ರದ್ದು. ಹದಿನಾಲ್ಕು ವರ್ಷ ತಡವಾಯಿತಲ್ಲ. ಟೀಚರ್ ಕೇಳಿದರೆ?"

"ಇವನು ಬ್ರೌನ್ ಅಂತ ನಾನೆಲ್ಲಿ ಬರೆದಿದ್ದೇನೆ? ಆ ಹದಿನಾಲ್ಕು ವರ್ಷದಲ್ಲಿ ಬೇರೆ ಯಾರೂ ಓಡಿಹೋಗಿಲ್ಲವಾ ಖಾಲಾ?"

ನಾನು ಇನ್ನೇನು ಹೇಳಲಿ? ನೆರಳು ಮರೆತಿದ್ದೀಯ ಎಂದೆ. ಎಲ್ಲದಕ್ಕೂ ನೆರಳಿದೆ, ಅವನೊಬ್ಬನಿಗಿಲ್ಲ. ಅವಳು ಸ್ಕೇಲ್ ತಂದು, ಕೋಲಿನ ಲೆಕ್ಕ ಬರೆದಿಟ್ಟಿದ್ದ ಚೀಟಿ ನೋಡಿ, ಅವನ ಕಾಲಿನಿಂದ ಬಲಕ್ಕೆ ಮೇಲಕ್ಕೆ ಪೆನ್ಸಿಲ್‌ನಿಂದ ಒಂದು ನೆರಳು ಎಳೆದಳು. ಅದು ಅವನಿಗಿಂತ ಮುಂದೆ, ಊರಿನ ಕಡೆಗೆ ಬಿತ್ತು. ಅಷ್ಟರಲ್ಲಿ ಒಳಗಿನಿಂದ ತಂಗಿ ಅಸರ್ ಆಯಿತೆಂದು ಕರೆದಳು. ನಾವು ವುಝೂ ಮಾಡಲು ಎದ್ದೆವು.